ಆಗಸದಲ್ಲಿ ಓಣಿಗಳು: ದುಡಿಯುವ ಜನರ ಮನೆಗಳಿಗೆ ಸಂದ ಸ್ಮಾರಕದ ಮನ್ನಣೆ

ಸ್ಮಾರಕವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ದೇಗುಲ, ಕೋಟೆ, ಅರಮನೆ, ವಿಜಯಸ್ತಂಭಗಳ ಚಿತ್ರ. ಅರಸರು ಕಟ್ಟಿಸಿದ್ದು, ಶಿಲ್ಪಿಗಳು ಕೆತ್ತಿದ್ದು, ಶತಮಾನಗಳ ಮಳೆಗಾಳಿಯನ್ನು ತಾಳಿ ನಿಂತದ್ದು ಮಾತ್ರವೇ ಕಾಪಾಡತಕ್ಕ ವಸ್ತುವೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಹೀಗಿರುವಾಗ, ಉಕ್ಕಿನ ಕಾರ್ಖಾನೆಯ ಕೆಲಸಗಾರರಿಗಾಗಿ ನಗರಸಭೆಯೊಂದು ಕಟ್ಟಿಸಿದ ಬಾಡಿಗೆಯ ಮನೆಗಳ ಸಮುಚ್ಚಯವೊಂದು, ಅದಕ್ಕೆ ನಲವತ್ತು ವರ್ಷ ತುಂಬುವ ಮೊದಲೇ, ರಾಷ್ಟ್ರದ ಅಮೂಲ್ಯ ಕಟ್ಟಡಗಳ ಸಾಲಿಗೆ ಸೇರಿತೆಂದರೆ ಯಾರಿಗಾದರೂ ಅಚ್ಚರಿಯಾಗದಿರದು. ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ 1998ರಲ್ಲಿ ಆದದ್ದು ಇದೇ. ಆ ಸಮುಚ್ಚಯದ ಹೆಸರು ಪಾರ್ಕ್ ಹಿಲ್.

ಮನ್ನಣೆಯ ಸುದ್ದಿ ಹೊರಬಿದ್ದಾಗ ನಗರದ ಅನೇಕರು ಹರ್ಷಿಸಲಿಲ್ಲ, ಬದಲಾಗಿ ಮೂಗು ಮುರಿದರು. ಗೋಡೆಗಳು ಕಪ್ಪಿಟ್ಟಿದ್ದವು, ಕಾಂಕ್ರೀಟು ಉದುರುತ್ತಿತ್ತು. ಕತ್ತಲಾದ ಮೇಲೆ ಅಲ್ಲಿಗೆ ಹೋಗಲು ಜನ ಅಂಜುತ್ತಿದ್ದರು. ಇಂಥ ಕಟ್ಟಡವನ್ನು ಕೆಡವುವುದನ್ನು ಬಿಟ್ಟು ಕಾಪಾಡುವುದೇ ಎಂದು ಅವರು ಕೇಳಿದರು. ಆ ಪ್ರಶ್ನೆ ಅಸಂಗತವಾದುದೇನೂ ಅಲ್ಲ. ಅದಕ್ಕೆ ಉತ್ತರ ಕಂಡುಕೊಳ್ಳಬೇಕಾದರೆ ಆ ಕಟ್ಟಡದ ಹುಟ್ಟಿನ ಕಥೆಯನ್ನು ಮೊದಲು ಅರಿಯಬೇಕು.

ಕೊಳೆಗೇರಿಯ ಮೇಲೊಂದು ಕನಸು

ಷೆಫೀಲ್ಡ್ ಉಕ್ಕಿನ ಊರು. ಚಾಕು ಚೂರಿಗಳಿಂದ ಹಿಡಿದು ಭಾರೀ ಯಂತ್ರಗಳ ಬಿಡಿಭಾಗಗಳವರೆಗೆ ಅಲ್ಲಿ ತಯಾರಾಗುತ್ತಿದ್ದ ಉಕ್ಕಿನ ಸರಕು ಲೋಕಪ್ರಸಿದ್ಧ. ಬೆಟ್ಟಗುಡ್ಡಗಳ ನಡುವೆ ಹಬ್ಬಿದ ಆ ನಗರದಲ್ಲಿ, ರೈಲ್ವೆ ನಿಲ್ದಾಣದ ಬೆನ್ನಿಗೆ ಏರಿನಿಂತ ಗುಡ್ಡದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಮಿಕರ ಕೇರಿಯೊಂದು ಬೆಳೆಯಿತು. ಒಂದರ ಹಿಂಗೋಡೆಗೆ ಇನ್ನೊಂದು ಅಂಟಿಕೊಂಡ ಮನೆಗಳು ಅವು. ಮುಂದುಗಡೆ ಬಿಟ್ಟರೆ ಬೇರಾವ ದಿಕ್ಕಿನಿಂದಲೂ ಗಾಳಿ ಬೆಳಕಿಗೆ ಎಡೆಯಿರಲಿಲ್ಲ. ನೀರಿನ ನಲ್ಲಿಯನ್ನೂ ಶೌಚಗೃಹವನ್ನೂ ಹಲವು ಸಂಸಾರಗಳು ಹಂಚಿಕೊಳ್ಳಬೇಕಾಗಿತ್ತು. ಕಳ್ಳತನ ಹೊಡೆದಾಟಗಳಿಂದಾಗಿ 1930ರ ದಶಕದಲ್ಲಿ ಆ ಕೇರಿಗೆ 'ಪುಟ್ಟ ಷಿಕಾಗೊ' ಎಂಬ ಅಡ್ಡಹೆಸರೂ ಬಂದಿತ್ತು. ಆ ದಶಕದಲ್ಲಿಯೇ ಆರಂಭವಾದ ಕೊಳೆಗೇರಿ ನಿರ್ಮೂಲನದ ಕಾರ್ಯ ಎರಡನೆಯ ಮಹಾಯುದ್ಧದಿಂದಾಗಿ ನಿಂತುಹೋಯಿತು. 1940ರ ಡಿಸೆಂಬರಿನಲ್ಲಿ ಜರ್ಮನಿಯ ವಿಮಾನಗಳು ನಗರದ ಮೇಲೆ ಬಾಂಬಿನ ಮಳೆಗರೆದವು. ಯುದ್ಧ ಮುಗಿದಾಗ ನಗರಸಭೆಯ ಮುಂದಿದ್ದ ದೊಡ್ಡ ಹೊರೆ ಜನರಿಗೆ ಸೂರು ಒದಗಿಸುವುದೇ ಆಗಿತ್ತು.

ನಗರದ ಮುಖ್ಯ ವಾಸ್ತುಶಿಲ್ಪಿ ಲೂಯಿಸ್ ವೊಮರ್ಸ್ಲಿ ಅವರ ಮೇಲ್ವಿಚಾರಣೆಯಲ್ಲಿ ಜ್ಯಾಕ್ ಲಿನ್ ಮತ್ತು ಐವರ್ ಸ್ಮಿತ್ ಎಂಬ ಇಬ್ಬರು ತರುಣ ವಾಸ್ತುಶಿಲ್ಪಿಗಳು 1953ರಲ್ಲಿ ಈ ಗುಡ್ಡಕ್ಕಾಗಿ ನಕ್ಷೆ ಬರೆಯತೊಡಗಿದರು. ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಲ ಕಾರ್ಬೂಸಿಯೆ ಕಟ್ಟಿದ್ದ ಬೃಹತ್ ವಸತಿಗೃಹ ಅವರ ಕಣ್ಣ ಮುಂದಿತ್ತು. ಆದರೆ ಅವರನ್ನು ಕಾಡಿದ ಪ್ರಶ್ನೆ ಕಟ್ಟಡದ ಚೆಲುವಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕೊಳೆಗೇರಿಯಲ್ಲಿ ಕೊಳೆ ಇದ್ದದ್ದು ನಿಜ. ಆದರೆ ಅದರ ಜೊತೆಗೆ ಇನ್ನೊಂದು ಸಂಪತ್ತೂ ಇತ್ತು. ಹೊಸ್ತಿಲ ಬಳಿ ನಿಂತು ನೆರೆಯವಳೊಡನೆ ಮಾತನಾಡುವ ತಾಯಂದಿರು, ಓಣಿಯಲ್ಲಿ ಆಡುವ ಮಕ್ಕಳು, ಕಾಯಿಲೆ ಬಿದ್ದಾಗ ಗಂಜಿ ತಂದುಕೊಡುವ ಪಕ್ಕದ ಮನೆಯವರು. ಕೊಳೆಯನ್ನು ತೊಳೆಯುವ ಭರದಲ್ಲಿ ಈ ನೆರೆಹೊರೆಯೂ ಕೊಚ್ಚಿಹೋಗದಂತೆ ನೋಡಿಕೊಳ್ಳುವುದು ಹೇಗೆ? ಇದಕ್ಕೆ ಆ ತರುಣರು ಕಂಡುಕೊಂಡ ಉತ್ತರವೇ 'ಆಗಸದ ಓಣಿ'.

ಓಣಿಯೇ ಮಹಡಿಗೇರಿದಾಗ

1957ರಲ್ಲಿ ಆರಂಭವಾದ ಕಟ್ಟಡಕಾರ್ಯ ಪೂರ್ಣಗೊಂಡು, 1961ರ ಜೂನ್ 16ರಂದು ಲೇಬರ್ ಪಕ್ಷದ ನಾಯಕರಾಗಿದ್ದ ಹ್ಯೂ ಗೇಟ್ಸ್‌ಕೆಲ್ ಅವರಿಂದ ಉದ್ಘಾಟನೆಯಾಯಿತು. ಒಟ್ಟು 995 ಮನೆಗಳು. ಗುಡ್ಡದ ಇಳಿಜಾರನ್ನು ಕಡಿದು ಸಮತಟ್ಟು ಮಾಡುವ ಗೋಜಿಗೆ ಹೋಗದೆ, ಚಾವಣಿಯ ಮಟ್ಟವನ್ನು ಎಲ್ಲೆಡೆ ಒಂದೇ ಆಗಿ ಇಟ್ಟುಕೊಂಡು ಕಟ್ಟಡವನ್ನು ಹಾವಿನಂತೆ ಬಳುಕಿಸಿದರು. ಹೀಗಾಗಿ ಮೇಲಿನ ತುದಿಯಲ್ಲಿ ನಾಲ್ಕು ಅಂತಸ್ತು, ಕೆಳಗಿನ ತುದಿಯಲ್ಲಿ ಹದಿಮೂರು ಅಂತಸ್ತು. ಕಾಂಕ್ರೀಟಿನ ಚೌಕಟ್ಟನ್ನು ಮುಚ್ಚದೆ ಹಾಗೆಯೇ ಬಿಟ್ಟು, ಅದರ ನಡುವಣ ಜಾಗಕ್ಕೆ ನಾಲ್ಕು ಬಣ್ಣದ ಇಟ್ಟಿಗೆಗಳನ್ನು ತುಂಬಿದರು. ಕೆಳಗೆ ಗಾಢವಾದ ಬಣ್ಣ. ಮೇಲೇರಿದಂತೆ ತಿಳಿಯಾದ ಬಣ್ಣ.

ಮೂರು ಅಂತಸ್ತಿಗೊಮ್ಮೆ ಕಟ್ಟಡದ ಉದ್ದಕ್ಕೂ ಸುಮಾರು ಹತ್ತು ಅಡಿ ಅಗಲದ ತೆರೆದ ಹಾದಿಗಳನ್ನು ಹಾಯಿಸಿದರು. ಮನೆಗಳ ಬಾಗಿಲು ತೆರೆಯುತ್ತಿದ್ದುದು ಈ ಹಾದಿಗಳಿಗೆ. ಕಟ್ಟಡದ ಭಾಗಗಳನ್ನು ಅದೇ ಎತ್ತರದಲ್ಲಿ ಸೇತುವೆಗಳು ಜೋಡಿಸುತ್ತಿದ್ದುದರಿಂದ, ಕೆಳಗಿಳಿಯದೆಯೇ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಗಬಹುದಾಗಿತ್ತು. ಗುಡ್ಡದ ಇಳಿಜಾರಿನ ಪ್ರಯೋಜನ ಇಲ್ಲಿ ಕಾಣಿಸಿತು. ತೀರ ಮೇಲಿನದೊಂದನ್ನು ಬಿಟ್ಟರೆ ಉಳಿದ ಹಾದಿಗಳೆಲ್ಲ ಎಲ್ಲಿಯಾದರೊಂದು ಕಡೆ ನೆಲವನ್ನು ಮುಟ್ಟುತ್ತಿದ್ದವು. ಹಾಲು ಮಾರುವವನ ಪುಟ್ಟ ವಿದ್ಯುತ್ ಗಾಡಿ ನೇರವಾಗಿ ಮಹಡಿಯ ಮನೆಗಳ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಮಕ್ಕಳು ಅಲ್ಲಿಯೇ ಸೈಕಲ್ ಹೊಡೆಯುತ್ತಿದ್ದರು.

ಕಟ್ಟಡದ ಯೋಜನೆಗಿಂತಲೂ ಮಿಗಿಲಾದ ವಿವೇಕ ಮನೆಗಳ ಹಂಚಿಕೆಯಲ್ಲಿತ್ತು. ಕೆಡವಿದ ಕೇರಿಯಲ್ಲಿ ಅಕ್ಕಪಕ್ಕದಲ್ಲಿದ್ದ ಸಂಸಾರಗಳಿಗೆ ಹೊಸ ಸಮುಚ್ಚಯದಲ್ಲಿಯೂ ಅಕ್ಕಪಕ್ಕದ ಮನೆಗಳನ್ನೇ ಕೊಡಲು ನಗರಸಭೆ ಯತ್ನಿಸಿತು. ಆಗಸದ ಓಣಿಗಳಿಗೆ ಹಳೆಯ ಬೀದಿಗಳ ಹೆಸರನ್ನೇ ಇಟ್ಟರು. ಮನೆಯೊಳಗೆ ಸ್ನಾನಗೃಹ, ಬಿಸಿನೀರು, ಒಂದೇ ಕೇಂದ್ರದಿಂದ ಎಲ್ಲ ಮನೆಗಳಿಗೂ ಹರಿದು ಬರುವ ಶಾಖ, ಅಡುಗೆಮನೆಯ ತೊಟ್ಟಿಯಿಂದಲೇ ಕಸವನ್ನು ನೀರಿನೊಡನೆ ಕೊಳವೆಯಲ್ಲಿ ಒಯ್ಯುವ ಗಾರ್ಶೆ ಎಂಬ ಫ್ರೆಂಚ್ ವ್ಯವಸ್ಥೆ ಎಲ್ಲವೂ ಇದ್ದವು. ಸಮುಚ್ಚಯದಲ್ಲಿಯೇ ಅಂಗಡಿಗಳು, ಶಾಲೆ, ಜನ ಸೇರುವ ತಾಣಗಳು. ಹೊರಗಿನ ನಲ್ಲಿಗೆ ಸರತಿ ನಿಲ್ಲುತ್ತಿದ್ದ ಗೃಹಿಣಿಗೆ ಇದು ಹೊಸ ಬಾಳಿನ ಬಾಗಿಲಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ದೇಶವಿದೇಶಗಳ ವಾಸ್ತುಶಿಲ್ಪಿಗಳು ಪಾರ್ಕ್ ಹಿಲ್ ನೋಡಲು ಬಂದು ಹೋದರು.

ಅವನತಿಯ ದಿನಗಳು

ಮೊದಲ ಕೆಲವು ವರ್ಷಗಳ ನೆಮ್ಮದಿ ಬಹುಕಾಲ ಬಾಳಲಿಲ್ಲ. 1970ರ ದಶಕದ ಕೊನೆಯಿಂದ ಷೆಫೀಲ್ಡಿನ ಉಕ್ಕಿನ ಉದ್ಯಮ ಕುಸಿಯತೊಡಗಿತು. ಸಾವಿರಾರು ಕೆಲಸಗಾರರು ಕೆಲಸ ಕಳೆದುಕೊಂಡರು. 1980ರ ವಸತಿ ಶಾಸನ ನಗರಸಭೆಯ ಮನೆಗಳನ್ನು ಬಾಡಿಗೆದಾರರೇ ಕೊಳ್ಳುವ ಹಕ್ಕನ್ನು ನೀಡಿತು. ಇದರಿಂದ ನಾಡಿನಾದ್ಯಂತ ಅಂಗಳವುಳ್ಳ ಒಳ್ಳೆಯ ಮನೆಗಳು ಬೇಗನೆ ಮಾರಾಟವಾದವು. ಮಹಡಿಯ ಮನೆಗಳು ನಗರಸಭೆಗಳ ಕೈಯಲ್ಲಿಯೇ ಉಳಿದವು. ಅನುಕೂಲವುಳ್ಳವರು ಹೊರನಡೆದರು. ಬೇರೆಲ್ಲಿಯೂ ನೆಲೆ ಸಿಗದವರು ಒಳಬಂದರು. ದುರಸ್ತಿಗೆ ಹಣ ಸಾಲದಾಯಿತು.

ಕಾಂಕ್ರೀಟಿನ ರೋಗವೂ ಇದರೊಡನೆ ಸೇರಿಕೊಂಡಿತು. ಹೊಸ ಕಾಂಕ್ರೀಟಿನಲ್ಲಿರುವ ಕ್ಷಾರಗುಣ ಒಳಗಿನ ಕಬ್ಬಿಣದ ಸರಳುಗಳನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷವರ್ಷವೂ ಒಳಹೊಕ್ಕು ಆ ಗುಣವನ್ನು ಕುಂದಿಸುತ್ತದೆ. ಬಳಿಕ ತೇವ ತಾಗಿದ ಸರಳು ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದಂತೆ ಮೇಲಿನ ಕಾಂಕ್ರೀಟನ್ನು ಒಡೆದು ಚಕ್ಕೆಯಾಗಿ ಉದುರಿಸುತ್ತದೆ. ಸಕಾಲದಲ್ಲಿ ನೋಡಿಕೊಂಡರೆ ಇದು ವಾಸಿಯಾಗುವ ಕಾಯಿಲೆ. ಅಲಕ್ಷಿಸಿದರೆ ಕಟ್ಟಡದ ಮುಖವನ್ನೇ ಕೆಡಿಸುತ್ತದೆ. ಪಾರ್ಕ್ ಹಿಲ್ಲಿನಲ್ಲಿ ಆದದ್ದು ಅದೇ. ನೆರೆಹೊರೆಯವರು ಕೂಡುತ್ತಿದ್ದ ಓಣಿಗಳು ಕಿಡಿಗೇಡಿಗಳು ಓಡಿ ತಪ್ಪಿಸಿಕೊಳ್ಳುವ ದಾರಿಗಳೆಂದು ಕುಖ್ಯಾತವಾದವು.

ದೋಷ ಯಾರದು? ಕಟ್ಟಡದ ರಚನೆಯೇ ಕೆಟ್ಟದ್ದೆಂದು ಕೆಲವರು ವಾದಿಸಿದರು. ಆದರೆ ಕೈತುಂಬ ಕೆಲಸವಿದ್ದಾಗ ಮೆಚ್ಚುಗೆ ಪಡೆದದ್ದೂ, ಕೆಲಸ ಕೈಬಿಟ್ಟ ಮೇಲೆ ನಿಂದೆಗೆ ಗುರಿಯಾದದ್ದೂ ಅದೇ ಓಣಿ, ಅದೇ ಸೇತುವೆ. ರಚನೆಯಲ್ಲಿ ಲೋಪಗಳು ಇರಲಿಲ್ಲವೆಂದಲ್ಲ. ಯಾರು ಬೇಕಾದರೂ ಎಲ್ಲಿಂದಲಾದರೂ ನುಗ್ಗಬಹುದಾದ ಹಾದಿಗಳನ್ನು ಕಾಯುವುದು ಕಷ್ಟವೇ. ಆದರೂ ಬಡತನದ ಫಲವನ್ನೆಲ್ಲ ಇಟ್ಟಿಗೆ ಗಾರೆಗಳ ಮೇಲೆ ಹೊರಿಸುವುದು ನ್ಯಾಯವೆನಿಸದು. ಆ ಸಂದರ್ಭದಲ್ಲಿ ಇಂಥ ವಿವೇಚನೆಗೆ ತಾಳ್ಮೆ ಇರಲಿಲ್ಲ. ಪಾರ್ಕ್ ಹಿಲ್ಲಿನ ನೆರೆಯಲ್ಲೇ ಇದ್ದ ಹೈಡ್ ಪಾರ್ಕ್ ಸಮುಚ್ಚಯದ ದೊಡ್ಡ ಭಾಗ 1990ರ ದಶಕದ ಆರಂಭದಲ್ಲಿ ನೆಲಸಮವಾಯಿತು. ಅದೇ ನಗರದ ಕೆಲ್ವಿನ್ ಸಮುಚ್ಚಯ 1995ರಲ್ಲಿ ಕಣ್ಮರೆಯಾಯಿತು. ಮುಂದಿನ ಸರದಿ ಪಾರ್ಕ್ ಹಿಲ್ಲಿನದೆಂದೇ ಜನ ಭಾವಿಸಿದ್ದರು.

1998ರ ನಿರ್ಣಯ

ಇಂಗ್ಲೆಂಡಿನಲ್ಲಿ ಮಹತ್ವದ ಕಟ್ಟಡಗಳನ್ನು ಸರಕಾರ ಪಟ್ಟಿಯೊಂದರಲ್ಲಿ ಸೇರಿಸುತ್ತದೆ. ಅದರಲ್ಲಿ ಮೂರು ದರ್ಜೆಗಳು. ಅಸಾಧಾರಣವಾದವು ಒಂದನೆಯ ದರ್ಜೆಗೆ ಸೇರುತ್ತವೆ. ಇವು ಒಟ್ಟು ಪಟ್ಟಿಯಲ್ಲಿ ಶೇಕಡಾ ಎರಡೂವರೆಯಷ್ಟು. ಅದರ ಕೆಳಗಿನದು ನಕ್ಷತ್ರಚಿಹ್ನೆಯ ಎರಡನೆಯ ದರ್ಜೆ. ಸುಮಾರು ಶೇಕಡಾ ಆರು. ಉಳಿದವೆಲ್ಲ ಸಾಧಾರಣ ಎರಡನೆಯ ದರ್ಜೆಯವು. ಸಾಮಾನ್ಯವಾಗಿ ಮೂವತ್ತು ವರ್ಷ ತುಂಬಿದ ಕಟ್ಟಡಗಳನ್ನು ಮಾತ್ರ ಪರಿಶೀಲಿಸಲಾಗುತ್ತದೆ. ಪಟ್ಟಿಗೆ ಸೇರಿದ ಕಟ್ಟಡವನ್ನು ಕೆಡವಲು ಅಥವಾ ಅದರ ಸ್ವರೂಪ ಕೆಡುವಂತೆ ಮಾರ್ಪಡಿಸಲು ವಿಶೇಷ ಅನುಮತಿ ಬೇಕು. ಅನುಮತಿಯಿಲ್ಲದೆ ಕೈಯಿಟ್ಟರೆ ಅದು ಶಿಕ್ಷಾರ್ಹ ಅಪರಾಧ.

1998ರ ಡಿಸೆಂಬರಿನಲ್ಲಿ ಪಾರ್ಕ್ ಹಿಲ್ಲಿಗೆ ದೊರೆತದ್ದು ನಕ್ಷತ್ರಚಿಹ್ನೆಯ ಎರಡನೆಯ ದರ್ಜೆ. ಯುರೋಪಿನಲ್ಲಿಯೇ ಪಟ್ಟಿಗೆ ಸೇರಿದ ಅತಿ ದೊಡ್ಡ ಕಟ್ಟಡವೆಂದು ಅದನ್ನು ಬಣ್ಣಿಸಲಾಯಿತು. ಈ ನಿರ್ಣಯದ ಹಿಂದಿನ ತರ್ಕ ಮನನೀಯವಾದುದು. ಇತಿಹಾಸವೆಂದರೆ ಸಿರಿವಂತರ ಸೌಧಗಳ ಕಥೆಯಷ್ಟೇ ಅಲ್ಲ. ಯುದ್ಧದಿಂದ ಜರ್ಜರಿತವಾದ ದೇಶವೊಂದು ತನ್ನ ದುಡಿಯುವ ಜನರಿಗೆ ಗಾಳಿ, ಬೆಳಕು, ನೀರು, ಗೌರವಗಳನ್ನು ಒದಗಿಸಲು ಪಟ್ಟ ಶ್ರಮವೂ ಇತಿಹಾಸವೇ. ಆ ಶ್ರಮದ ಅತ್ಯಂತ ಧೀರವಾದ ಕುರುಹು ಕಣ್ಣಿಗೆ ಒರಟಾಗಿದೆಯೆಂಬ ಕಾರಣಕ್ಕೆ ಅಳಿದರೆ, ಮುಂದಿನ ಪೀಳಿಗೆಗೆ ಆ ಕಾಲದ ಸಾಕ್ಷ್ಯವೇ ಉಳಿಯದು.

ಈ ಮಾತಿನ ಸತ್ಯವನ್ನು ಲಂಡನ್ನಿನ ಇನ್ನೊಂದು ಉದಾಹರಣೆ ಎತ್ತಿ ತೋರಿಸುತ್ತದೆ. ಅಲ್ಲಿನ ರಾಬಿನ್ ಹುಡ್ ಗಾರ್ಡನ್ಸ್ ಎಂಬ ಸಮುಚ್ಚಯವನ್ನು ಆಲಿಸನ್ ಮತ್ತು ಪೀಟರ್ ಸ್ಮಿತ್ಸನ್ ದಂಪತಿಗಳು ರಚಿಸಿದ್ದರು, 1972ರಲ್ಲಿ ಪೂರ್ಣಗೊಂಡಿತ್ತು. ಆಗಸದ ಓಣಿಯ ಕಲ್ಪನೆಗೆ ಮೊದಮೊದಲು ರೂಪುಕೊಟ್ಟವರಲ್ಲಿ ಈ ದಂಪತಿಗಳೂ ಸೇರಿದ್ದರು. ಆದರೆ 2008ರಲ್ಲಿ ಸರಕಾರ ಅದಕ್ಕೆ ಮನ್ನಣೆ ನಿರಾಕರಿಸಿತು. 2017ರಲ್ಲಿ ಕೆಡವುವ ಕೆಲಸ ಮೊದಲಾಯಿತು. ಕೆಡವುವಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದವರು ಮೂರು ಅಂತಸ್ತಿನ ಒಂದು ತುಂಡನ್ನು ಬಿಚ್ಚಿ ತಂದು ಕಾಪಾಡಿಕೊಂಡರು. ಜನ ಬಾಳಿದ ಮನೆ ಈಗ ಪ್ರದರ್ಶನದ ವಸ್ತು. ಒಂದೇ ಕಲ್ಪನೆಯಿಂದ ಮೂಡಿದ ಎರಡು ಕಟ್ಟಡಗಳಿಗೆ ಒದಗಿದ ಈ ಎರಡು ಗತಿಗಳ ನಡುವಣ ಅಂತರ ಸರಕಾರದ ಒಂದು ನಿರ್ಣಯ ಮಾತ್ರ.

ಗೋಡೆ ಉಳಿಯಿತು, ಗೂಡು?

ಮನ್ನಣೆ ಪಾರ್ಕ್ ಹಿಲ್ಲನ್ನು ಕೆಡವದಂತೆ ತಡೆಯಿತು. ಆದರೆ ದುರಸ್ತಿಯ ಹಣವನ್ನು ಅದು ತಂದುಕೊಡಲಿಲ್ಲ. ಬರಿದಾದ ಬೊಕ್ಕಸದ ನಗರಸಭೆ ಅರ್ಬನ್ ಸ್ಪ್ಲ್ಯಾಶ್ ಎಂಬ ಖಾಸಗಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಬಾಡಿಗೆದಾರರನ್ನು ಹಂತಹಂತವಾಗಿ ಬೇರೆಡೆಗೆ ಕಳುಹಿಸಲಾಯಿತು. ಮೊದಲ ಭಾಗದಲ್ಲಿ ಕಾಂಕ್ರೀಟಿನ ಅಸ್ಥಿಪಂಜರವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಕಿತ್ತುಹಾಕಿ, ಹಳೆಯ ಇಟ್ಟಿಗೆಯ ಜಾಗದಲ್ಲಿ ಕೆಂಪು, ಕಿತ್ತಳೆ, ಹಳದಿ ಬಣ್ಣಗಳ ಅಲ್ಯೂಮಿನಿಯಂ ಫಲಕಗಳನ್ನು ಕೂರಿಸಿದರು. ಹಿಂದೆ ಗೋಡೆ ಹೆಚ್ಚು, ಗಾಜು ಕಡಿಮೆ ಇತ್ತು. ಈಗ ಗಾಜು ಹೆಚ್ಚು, ಗೋಡೆ ಕಡಿಮೆಯಾಯಿತು. ಹೊಸ ನಿವಾಸಿಗಳು 2011ರಲ್ಲಿ ಬಂದರು. 2013ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪ ಕ್ಷೇತ್ರದ ಉನ್ನತ ಪುರಸ್ಕಾರವಾದ ಸ್ಟರ್ಲಿಂಗ್ ಬಹುಮಾನದ ಅಂತಿಮ ಪಟ್ಟಿಯಲ್ಲಿ ಈ ಕೆಲಸ ಸೇರಿತ್ತು. ಪಂಜರವನ್ನಷ್ಟೇ ಉಳಿಸಿ ಮೈಯನ್ನೆಲ್ಲ ಬದಲಿಸಿದರೆ ಅದು ಸಂರಕ್ಷಣೆಯೇ ಎಂಬ ಆಕ್ಷೇಪವೂ ಕೇಳಿಬಂದಿತು. ಎರಡನೆಯ ಭಾಗದ ಹೊಣೆ ಹೊತ್ತ ಮಿಖಾಯಿಲ್ ರಿಚಸ್ ಎಂಬ ವಾಸ್ತುಶಿಲ್ಪ ಸಂಸ್ಥೆ ಬೇರೆಯ ದಾರಿ ಹಿಡಿಯಿತು. ಹಳೆಯ ಇಟ್ಟಿಗೆಗಳನ್ನು ತೊಳೆದು ಉಳಿಸಿಕೊಂಡು ಚಳಿ ತಡೆಯುವ ಏರ್ಪಾಡನ್ನು ಒಳಗಿನಿಂದ ಮಾಡಿತು. ಈ ಕೆಲಸವೂ 2024ರಲ್ಲಿ ಅದೇ ಬಹುಮಾನದ ಅಂತಿಮ ಪಟ್ಟಿಗೇರಿತು.

ಕಟ್ಟಡ ಉಳಿಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರಿಗಾಗಿ? ಒಂದು ಕಾಲದಲ್ಲಿ 995 ಮನೆಗಳೂ ನಗರಸಭೆಯವೇ ಆಗಿದ್ದು ಕೈಗೆಟುಕುವ ಬಾಡಿಗೆಗೆ ದೊರೆಯುತ್ತಿದ್ದವು. ನವೀಕರಣದ ಬಳಿಕ ಬಹುಪಾಲು ಮನೆಗಳು ಮಾರಾಟಕ್ಕೆ ಅಥವಾ ಮಾರುಕಟ್ಟೆಯ ಬಾಡಿಗೆಗೆ ಹೋದವು. ಒಂದು ಭಾಗ ವಿದ್ಯಾರ್ಥಿಗಳ ವಸತಿಯಾಯಿತು. ಕಡಿಮೆ ಬಾಡಿಗೆಯವರಿಗೆ ಮೀಸಲಾಗಿ ಉಳಿದದ್ದು ಕೆಲವು ಮನೆಗಳು ಮಾತ್ರ. ಹಳೆಯ ಬೀದಿಯ ಹೆಸರು ಹೊತ್ತ ಓಣಿಗಳಲ್ಲಿ ಆ ಬೀದಿಯ ನೆನಪುಳ್ಳವರು ಕಾಣಸಿಗುವುದು ದುರ್ಲಭವಾಯಿತು.

ಪುಟ್ಟದೊಂದು ಸಂಗತಿ ಈ ವೈಪರೀತ್ಯವನ್ನು ಚೆನ್ನಾಗಿ ತೋರಿಸುತ್ತದೆ. 2001ರಲ್ಲಿ ಒಬ್ಬ ಯುವಕ ಎತ್ತರದ ಸೇತುವೆಯೊಂದರ ಮೇಲೆ ತನ್ನ ಪ್ರಿಯತಮೆಯ ಹೆಸರು ಬರೆದು, ತನ್ನನ್ನು ಮದುವೆಯಾಗುವೆಯಾ ಎಂದು ಬಣ್ಣದಲ್ಲಿ ಕೇಳಿದ್ದ. ನವೀಕರಣದ ಕಾಲದಲ್ಲಿ ಆ ಪ್ರಶ್ನೆಯನ್ನು ನಿಯಾನ್ ದೀಪಗಳಿಂದ ಬೆಳಗಿಸಿದರು. ನಗರಕ್ಕೆಲ್ಲ ಅದು ಪಾರ್ಕ್ ಹಿಲ್ಲಿನ ಗುರುತಾಯಿತು. ಆದರೆ ದೀಪ ಬೆಳಗಿದ್ದು ಪ್ರಶ್ನೆಯನ್ನು ಮಾತ್ರ. ಆ ಹೆಣ್ಣುಮಗಳ ಹೆಸರನ್ನು ಬಿಟ್ಟುಬಿಟ್ಟಿದ್ದರು. ಅಲ್ಲಿನ ಮೂಲ ನಿವಾಸಿಗಳ ಪಾಡೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

ಸ್ಮಾರಕದ ಮನ್ನಣೆಯೇ ಬಡವರನ್ನು ಹೊರದೂಡಿತೆಂದು ಹೇಳುವುದು ಆತುರದ ಮಾತಾದೀತು. ನ್ಯೂಕ್ಯಾಸಲ್ ನಗರದಲ್ಲಿ ರಾಲ್ಫ್ ಅರ್ಸ್ಕಿನ್ ರಚಿಸಿದ ಬೈಕರ್ ಎಂಬ ವಸತಿ ಸಮುಚ್ಚಯಕ್ಕೂ 2007ರಲ್ಲಿ ಇದೇ ದರ್ಜೆ ದೊರೆಯಿತು. ಅಲ್ಲಿಯ ಮನೆಗಳು 2012ರಲ್ಲಿ ಸ್ಥಳೀಯ ವಿಶ್ವಸ್ತ ಮಂಡಳಿಯೊಂದಕ್ಕೆ ಸೇರಿದವು. 2021ರಲ್ಲಿ ಆ ಮಂಡಳಿ ಕಾರ್ಬನ್ ಹೋಮ್ಸ್ ಎಂಬ ದೊಡ್ಡ ವಸತಿ ಸಂಸ್ಥೆಯಲ್ಲಿ ವಿಲೀನವಾಯಿತು. ಲಾಭವೇ ಉದ್ದೇಶವಲ್ಲದ ಸಂಸ್ಥೆಯ ಕೈಯಲ್ಲಿ ಅವು ಉಳಿದದ್ದರಿಂದ ಸಾಮಾನ್ಯ ಬಾಡಿಗೆದಾರರ ನೆಲೆಯೂ ಉಳಿಯಿತು. ದರ್ಜೆ ಒಂದೇ, ಶಾಸನ ಒಂದೇ. ಒಡೆತನ ಯಾರ ಕೈಯಲ್ಲಿದೆ ಎಂಬುದೇ ಫಲವನ್ನು ಬೇರೆಯಾಗಿಸಿತು. ಶಾಸನ ಕಾಯುವುದು ಗೋಡೆಯನ್ನು. ಗೋಡೆಯೊಳಗಿನ ಸಂಸಾರವನ್ನು ಕಾಯಬೇಕಾದರೆ ಬೇರೆಯ ಸಂಕಲ್ಪವೇ ಬೇಕು.

ನೆನಪಿನ ಮರುವಸತಿ

ಚದುರಿಹೋದ ಆ ಬಾಳಿಗೆ ಕಲೆ ಒಂದಿಷ್ಟು ನ್ಯಾಯ ಒದಗಿಸಿತೆನ್ನಬೇಕು. 2019ರಲ್ಲಿ ಷೆಫೀಲ್ಡಿನ ಕ್ರೂಸಿಬಲ್ ರಂಗಮಂದಿರದಲ್ಲಿ 'ಸ್ಟ್ಯಾಂಡಿಂಗ್ ಅಟ್ ದ ಸ್ಕೈಸ್ ಎಡ್ಜ್' ಎಂಬ ಸಂಗೀತನಾಟಕ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಕ್ರಿಸ್ ಬುಷ್ ಅವರ ರಚನೆ. ಅದೇ ನಗರದ ರಿಚರ್ಡ್ ಹಾಲಿ ಅವರ ಹಾಡುಗಳು. ಪಾರ್ಕ್ ಹಿಲ್ಲಿನ ಒಂದೇ ಮನೆಯಲ್ಲಿ ಬೇರೆ ಬೇರೆ ಕಾಲಗಳಲ್ಲಿ ಬಾಳಿದ ಮೂರು ಸಂಸಾರಗಳ ಕಥೆ ಅದು. ಹೊಸ ಮನೆಗೆ ಸಂಭ್ರಮದಿಂದ ಕಾಲಿಟ್ಟ ಉಕ್ಕಿನ ಕೆಲಸಗಾರನ ಸಂಸಾರ, ಲೈಬೀರಿಯಾದ ಅಂತರ್ಯುದ್ಧದಿಂದ ಓಡಿಬಂದ ನಿರಾಶ್ರಿತರು, ನವೀಕರಣದ ಬಳಿಕ ಲಂಡನ್ನಿನಿಂದ ಬಂದ ಮಹಿಳೆ. ಮೂರೂ ಸಂಸಾರಗಳು ರಂಗದ ಮೇಲೆ ಒಂದೇ ಅಡುಗೆಮನೆಯಲ್ಲಿ ಏಕಕಾಲಕ್ಕೆ ಓಡಾಡುತ್ತವೆ. ಒಬ್ಬರಿಗೆ ಇನ್ನೊಬ್ಬರು ಕಾಣುವುದಿಲ್ಲ. ಪ್ರೇಕ್ಷಕರಿಗೆ ಎಲ್ಲರೂ ಕಾಣುತ್ತಾರೆ. 2023ರಲ್ಲಿ ಈ ನಾಟಕಕ್ಕೆ ಅತ್ಯುತ್ತಮ ಹೊಸ ಸಂಗೀತನಾಟಕವೆಂಬ ಒಲಿವಿಯೆ ಪ್ರಶಸ್ತಿ ಬಂದಿತು. ಕಟ್ಟಡವೇ ಇಲ್ಲವಾಗಿದ್ದರೆ ಈ ಕಥೆಗೆ ನೆಲೆಯೂ ಇರುತ್ತಿರಲಿಲ್ಲ.

ಪಾರ್ಕ್ ಹಿಲ್ಲಿಗೆ ಮನ್ನಣೆ ನೀಡಿದ್ದು ಸರಿಯೇ ಎಂಬ ಪ್ರಶ್ನೆಗೆ ಈಗ ಉತ್ತರಿಸಬಹುದು. ಸರಿಯೇ, ಆದರೆ ಆ ಕೆಲಸ ಅರ್ಧಕ್ಕೇ ನಿಂತಿತು. ನೆರೆಹೊರೆಯವರು ಒಟ್ಟಿಗೆ ಬಾಳಬೇಕೆಂಬ ಒಂದು ವಿಚಾರ ಆ ಕಟ್ಟಡದ ಹಿರಿಮೆ. ಆ ವಿಚಾರದ ಸಲುವಾಗಿಯೇ ಮನ್ನಣೆ ಪಡೆದ ಮನೆಗಳಿಂದ ಆ ನೆರೆಹೊರೆಯೇ ಮರೆಯಾದದ್ದು ಒಪ್ಪತಕ್ಕ ಮಾತಲ್ಲ. ಮನ್ನಣೆಯ ಪತ್ರದೊಡನೆ ದುರಸ್ತಿಗೆ ಸಾರ್ವಜನಿಕ ಹಣ, ಹಳೆಯ ನಿವಾಸಿಗಳಿಗೆ ಹಿಂದಿರುಗುವ ಹಕ್ಕು, ಒಡೆತನದಲ್ಲಿ ಅವರದೂ ಒಂದು ಪಾಲು ಸಂದಿದ್ದರೆ ಕೆಲಸ ಪೂರ್ಣವಾಗುತ್ತಿತ್ತು.

ಹಿರಿಯರು ಬಾಳಿದ ಮನೆಗಳನ್ನೂ ಓಣಿಗಳನ್ನೂ ಕಾಪಾಡಬೇಕೆಂಬ ಹಂಬಲವುಳ್ಳವರೆಲ್ಲ ಈ ದೂರದ ಊರಿನ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕಲ್ಲು ಕಂಬಗಳ ಲೆಕ್ಕ ಬರೆಯುವಾಗಲೇ ಅಲ್ಲಿ ಬಾಳುತ್ತಿರುವ ಸಂಸಾರಗಳ ಲೆಕ್ಕವನ್ನೂ ಬರೆಯಬೇಕು. ಯಾರು ಉಳಿಯುತ್ತಾರೆ, ಯಾರ ಖರ್ಚಿನಲ್ಲಿ ಉಳಿಯುತ್ತಾರೆ, ಯಾರು ಹೊರಡಬೇಕಾಗುತ್ತದೆ ಎಂಬುದನ್ನು ನಾಮಫಲಕ ನೆಡುವ ಮೊದಲೇ ಕೇಳಿ ತಿಳಿಯಬೇಕು.